ಮೂರೂವರೆ ಸಾವಿರದ ಶ್ರುತಿ

ಸಂಬಳದ ಶುಕ್ರವಾರ. ಚಿಪ್ಸ್ ಕಟ್ಟಿಕೊಟ್ಟ ಕಾಗದದಲ್ಲಿ
ಎಣ್ಣೆ ಹತ್ತದ ಮೂಲೆ ಹುಡುಕಿ ಬರೆಯುತ್ತೇನೆ:
ಇಂಟರ್‌ಕೂಲರ್, ದೊಡ್ಡದು.
ಮುಂದಿನ ಬ್ರೇಕು.
ಡಿಫರೆನ್ಷಿಯಲ್ ಎಂದು ಬರೆದು, ಬೆಲೆ ನೆನೆದು,
ಪಕ್ಕಕ್ಕೊಂದು ಪ್ರಶ್ನೆಚಿಹ್ನೆ.
ಕೊನೆಗೆ, ನಾಚಿಕೊಂಡು, ಸಣ್ಣಕ್ಷರದಲ್ಲಿ, ರೆಸೊನೇಟರ್:
ಸದಾ ಗುಂಯ್‌ಗುಡುವ ಈ ಗಂಟಲಿಗೆ ಸುತ್ತಲೊಂದು ಮಫ್ಲರು.

ಜೇಬಿನಲ್ಲಿರುವುದು ನಾನೂರ ಹತ್ತು ಪೌಂಡು.

ಹೆವಿನ್ ಅನ್ನುತ್ತಾನೆ, "ಮೊದಲು ಮ್ಯಾಪು ಬದಲಿಸೋ.
ಲ್ಯಾಪ್‌ಟಾಪ್ ಚುಚ್ಚಿ ಕಾಲು ಗಂಟೆ ಕಾದರೆ
ನಲವತ್ತು ಕುದುರೆ ಪುಕ್ಕಟೆ."
ಕುದುರೆ!
ಈ ಕಣಿವೆಯ ಕುದುರೆಗಳು ಗಣಿಯೊಳಗೆ
ಕತ್ತಲನ್ನೇ ಮೇಯ್ದು ಕಲ್ಲಿದ್ದಲೆಳೆದವಂತೆ.
ಇಡ್ವಾಲನ ತಾತ ಅದರಲ್ಲೊಂದನ್ನು
ಡಚೆಸ್ ಎಂದು ಕರೆದು ಬ್ರೆಡ್ಡಿನಂಚು ತಿನ್ನಿಸುತ್ತಿದ್ದ.
ನನ್ನ ಇನ್ನೂರ ಇಪ್ಪತ್ತರಲ್ಲಿ
ಒಂದಕ್ಕೂ ಹೆಸರಿಲ್ಲ.

ಇಡ್ವಾಲನ ಗ್ಯಾರೇಜು ಹಳೇ ಗಣಿಯ ಸ್ನಾನದ ಮನೆ.
ಬಿಳಿ ಹೆಂಚಿನ ಗೋಡೆಗೆ ಈಗ ಗ್ರೀಸಿನ ಕೈಗುರುತು.
ಕಾರಿನಡಿಯಿಂದ ಅವನ ಬೂಟು ಮಾತಾಡುತ್ತದೆ:
"ಮೂಗಿಗಿಂತ ಮೂಗುತಿ ಭಾರ ಆದೀತು, ಹುಡುಗ.
ಮುಂದಿನವೆರಡೇ ಚಕ್ರ ಎಳೆಯಬೇಕು, ತಿರುಗಬೇಕು,
ನಿಲ್ಲು ಅಂದಾಗ ನಿಲ್ಲಿಸಲೂಬೇಕು,
ದೊಡ್ಡ ಮನೆಗೆ ಬಂದ ಒಬ್ಬಳೇ ಸೊಸೆಯ ಹಾಗೆ."
ನಾನು ಸುಮ್ಮನಿದ್ದೆ. ಹೋದ ಭಾನುವಾರ
ಬುಲ್ಖ್ ಘಟ್ಟದ ಮೂರನೇ ತಿರುವಿನಲ್ಲಿ
ಕಾಲು ಒತ್ತಿದಷ್ಟೂ ಪೆಡಲು ಬೆಣ್ಣೆಯಾಗಿ,
ಕುರಿಯೊಂದರ ಮೂತಿಗೆ ಗೇಣಂತರದಲ್ಲಿ ನಿಂತದ್ದು
ಅವನಿಗೆ ಹೇಳಿರಲಿಲ್ಲ.
ಕುರಿಯೂ ಹೇಳಿರಲಾರದು, ಅದು ಮೆಲುಕು ನಿಲ್ಲಿಸಿರಲಿಲ್ಲ.

ಆಮೇಲೆ ಗುರುವಾರದ ಬಸ್ಸು ರದ್ದಾಯಿತು.
ಅಕ್ಕ ಮೆರೆರಿದ್ ಫೋನು ಮಾಡಿದಳು:
ನೆಸ್ಟ್‌ಗೆ ಏಳಕ್ಕೆ ಬ್ಯಾಂಡಿನ ತಾಲೀಮು, ಘಟ್ಟದಾಚೆ,
ನಿನ್ನ ಆ ತಗಡಿನಲ್ಲಿ ಒಯ್ಯುತ್ತೀಯಾ?

ಹನ್ನೆರಡರ ಹುಡುಗಿ. ಪಕ್ಕದ ಬಕೆಟ್ ಸೀಟಿನೊಳಗೆ
ಬಟ್ಟಲಲ್ಲಿಟ್ಟ ಚಮಚದಂತೆ ಕೂತಳು.
ತೂಕ ಇಳಿಸಲೆಂದು ನಾನು ಕಿತ್ತೆಸೆದ ಹಿಂದಿನ ಸೀಟಿನ ಜಾಗದಲ್ಲಿ
ಕಾರ್ನೆಟ್ಟಿನ ಪೆಟ್ಟಿಗೆ
ತಿರುವಿಗೊಮ್ಮೆ ಆ ಗೋಡೆಗೆ, ಈ ಗೋಡೆಗೆ.
ಕೊನೆಗೆ ಅವಳೇ ಅದನ್ನು ಮಡಿಲಿಗೆಳೆದು ತೆರೆದಳು.

ಮೂರನೇ ಗೇರು, ಏರು ದಾರಿ, ಸೂಜಿ ಮೂರೂವರೆ ಸಾವಿರದ ಹತ್ತಿರ:
ನನಗೆ ತಲೆನೋವು ತರುವ ಅದೇ ಗುಂಯ್.
"ಮಾಮ, ಇದು ಬಿ ಫ್ಲಾಟ್," ಅಂದಳು,
"ಕೂದಲೆಳೆಯಷ್ಟು ಇಳಿದಿದೆ. ಚೂರು ಒತ್ತು."
ಒತ್ತಿದೆ.
"ಸಾಕು. ಹಿಡಿದುಕೋ."

ಹಿಡಿದೆ.
ಹೆಬ್ಬೆರಳಲ್ಲಿ ಮೊಟ್ಟೆ ಮುಟ್ಟುವವನ ಹಾಗೆ ಹಿಡಿದೆ.
ಅವಳು ಗಾಜಿನ ಕಡೆ ತಿರುಗಿ ಊದಿದಳು, ನೀಳವಾಗಿ,
ಎಲ್ಲಿ ಕಾರು ಮುಗಿದು ಎಲ್ಲಿ ಹಿತ್ತಾಳೆ ಶುರುವೋ
ತಿಳಿಯದ ಹಾಗೆ.
ಎದುರು ಸಿಮೆಂಟು ಲಾರಿ ಬಂತು, ಕಾಲು ಎತ್ತಿದೆ,
ಶ್ರುತಿ ಜಾರಿತು. ಅವಳು ಬೈಯಲಿಲ್ಲ.
ಕಾರ್ನೆಟ್ ಇಳಿಸಿ, ಸೂಜಿ ನೋಡುತ್ತಾ ಕಾದಳು.
ಇಷ್ಟು ವರ್ಷ ಈ ಘಟ್ಟ ಹತ್ತಿದ್ದೇನೆ,
ಇಷ್ಟು ನುಣ್ಣಗೆ ಎಂದೂ ಓಡಿಸಿರಲಿಲ್ಲ.

ಇಳಿಯುವಾಗ ಕೇಳಿದಳು: ಲೊವ್ರಿಗೂ ಬಸ್ಸಿಲ್ಲ,
ಅವಳದು ಯುಫೋನಿಯಂ. ಎಲ್ಲಿ ಕೂರುತ್ತಾಳೆ?

ಷೆಡ್ಡಿನಿಂದ ಸೀಟು ತಂದೆ, ಜೇಡನ ಸಮೇತ.
"ಹತ್ತೊಂಬತ್ತು ಕಿಲೋ!" ಹೆವಿನ್ ಹಣೆ ಚಚ್ಚಿಕೊಂಡ,
ಹತ್ತೊಂಬತ್ತು ಕಿಲೋ ಚಿನ್ನ ಕಳೆದವನಂತೆ.
ನಾಲ್ಕು ಬೋಲ್ಟಿನಲ್ಲಿ ಒಂದಿರಲಿಲ್ಲ.
ಇಡ್ವಾಲ್ ತಂಬಾಕಿನ ಡಬ್ಬಿ ಕೆದಕಿ
ಅಂಥದ್ದೇ ಒಂದನ್ನು ಕೊಟ್ಟ. ಅದಕ್ಕೆ ದುಡ್ಡು ಕೇಳಲಿಲ್ಲ.
ಬ್ರೇಕಿನ ಪ್ಯಾಡು, ಹೊಸ ದ್ರವ: ಅದಕ್ಕೆ ಕೇಳಿದ.

ಕಾಗದದಲ್ಲಿ ರೆಸೊನೇಟರಿನ ಮೇಲೆ ಗೀಟೆಳೆದಾಗಿದೆ.
ಇಂಟರ್‌ಕೂಲರ್ ಹಾಗೇ ಇದೆ, ಉಳಿದ ದುಡ್ಡೂ.
ಹಿಂದಿನ ಸೀಟಿಂದ ನೆಸ್ಟ್ ಓದಿಕೊಂಡು ಕೇಳುತ್ತಾಳೆ,
"ಇದು ಹಾಕಿಸಿದರೆ ಶ್ರುತಿ ಬದಲಾಗುತ್ತಾ?"

ಇಡ್ವಾಲನನ್ನು ಕೇಳಿದೆ.
ಕಾರಿನಡಿ ಸ್ಪ್ಯಾನರಿನ ಸದ್ದು ನಿಂತಿತು.
ತುಂಬ ಹೊತ್ತು ಬೂಟು ಮಾತಾಡಲಿಲ್ಲ.